ವಾಟ್ ಲೆಕ್ಕ ಬಿಡಿ, ಬಾಕ್ಸ್ ಅಳೆಯಿರಿ

ಕಾರಿಗೆ ಸಬ್‌ವೂಫರ್ (ಬೇಸ್, ಅಂದರೆ ತಗ್ಗು ಸ್ವರಗಳನ್ನು ನುಡಿಸುವ ದೊಡ್ಡ ಸ್ಪೀಕರ್) ಹಾಕಿಸಲು ನನ್ನ ಅಂಗಡಿಗೆ ಬರುವವರಲ್ಲಿ ಹೆಚ್ಚಿನವರು ಡಿಕ್ಕಿ ತೆರೆಯುವ ಮೊದಲೇ ಕೇಳುವುದು ಒಂದೇ ಪ್ರಶ್ನೆ: ‘ಎಷ್ಟು ವಾಟ್ ಆಂಪ್ ಹಾಕಿದರೆ ಸೌಂಡ್ ಜೋರಾಗುತ್ತದೆ ಸಾರ್?’ ಈಗಾಗಲೇ ಹಾಕಿಸಿಕೊಂಡು ಬೇಸ್ ಸಾಲದೆ ಬೇಸತ್ತವರಂತೂ ಇನ್ನೂ ದೊಡ್ಡ ಆಂಪ್, ಅಂದರೆ ಸ್ಪೀಕರಿಗೆ ಬಲ ಕೊಡುವ ಆಂಪ್ಲಿಫೈಯರ್, ಕೊಳ್ಳುವುದೆಂದು ತೀರ್ಮಾನಿಸಿಯೇ ಬಂದಿರುತ್ತಾರೆ. ಬೇಡವೆಂದರೆ, ನನಗೆ ವ್ಯಾಪಾರ ಮಾಡಲು ಬರುವುದಿಲ್ಲವೇನೋ ಎಂಬಂತೆ ನೋಡುತ್ತಾರೆ.

ವಾಟ್ ದುಪ್ಪಟ್ಟಾದರೆ ಶಬ್ದ ದುಪ್ಪಟ್ಟಾಗುವುದಿಲ್ಲ. ಹೆಚ್ಚುವುದು ಕೇವಲ 3 ಡೆಸಿಬೆಲ್. 500 ವಾಟಿನ ಆಂಪ್ ತೆಗೆದು 1000 ವಾಟಿನದನ್ನು ಕೂರಿಸಿದರೆ, ಓಡುವ ಕಾರಿನಲ್ಲಿ ‘ಸ್ವಲ್ಪ ಹೆಚ್ಚಾಯಿತೇನೋ’ ಎನ್ನಿಸುವಷ್ಟು ವ್ಯತ್ಯಾಸ ಅದು. ಕಿವಿಗೆ ಎರಡು ಪಟ್ಟು ಜೋರು ಎನ್ನಿಸಲು ಸಾಮಾನ್ಯವಾಗಿ 10 ಡೆಸಿಬೆಲ್ ಬೇಕು, ಅಂದರೆ ಹತ್ತು ಪಟ್ಟು ವಾಟ್: 500 ಇದ್ದಲ್ಲಿ 5000. ತೀರಾ ಕೆಳಗಿನ ಬೇಸ್‌ನಲ್ಲಿ ಕಿವಿ ಇದಕ್ಕಿಂತ ಕಡಿಮೆ ಏರಿಕೆಯನ್ನೂ ಗುರುತಿಸುತ್ತದೆ, ಆದ್ದರಿಂದ ಈ ಲೆಕ್ಕವನ್ನು ಕಟ್ಟುನಿಟ್ಟಾಗಿ ಹಿಡಿಯಬಾರದು. ಆದರೆ ವಾಟನ್ನು ಎರಡು ಪಟ್ಟು ಮಾಡಿ ಶಬ್ದವೂ ಎರಡು ಪಟ್ಟಾಗಲೆಂದು ಕಾಯುವುದು ವ್ಯರ್ಥ.

ಅದೂ ಆಂಪ್ ಮೇಲೆ ಅಚ್ಚಾದ ಸಂಖ್ಯೆ ನಿಜವಾಗಿದ್ದರೆ. ‘3000 ವಾಟ್’ ಎಂದು ದೊಡ್ಡಕ್ಷರದಲ್ಲಿ ಬರೆದಿರುವ ಆಂಪಿನ ಬದಿಯಲ್ಲಿ 30 ಆಂಪಿಯರಿನ ಎರಡು ಫ್ಯೂಸ್ ಇದ್ದರೆ, ಒಳಗೆ ನಿರಂತರವಾಗಿ ಹೋಗಬಹುದಾದ ವಿದ್ಯುತ್ 60 ಆಂಪಿಯರ್. ಎಂಜಿನ್ ಓಡುವಾಗ ಸಿಗುವ ಸುಮಾರು 14 ವೋಲ್ಟಿನಿಂದ ಗುಣಿಸಿದರೆ 840 ವಾಟ್. ವಿದ್ಯುತ್ತನ್ನು ಹೆಚ್ಚು ಪೋಲು ಮಾಡದ ಒಳ್ಳೆಯ ಕ್ಲಾಸ್ ಡಿ ಆಂಪ್ ಕೂಡ ಅದರಲ್ಲಿ ಶೇ. 80ರಷ್ಟನ್ನು ಹೊರಕೊಟ್ಟೀತು. ಮಿಕ್ಕ ಎರಡು ಸಾವಿರಕ್ಕೂ ಹೆಚ್ಚು ವಾಟ್ ಇರುವುದು ರಟ್ಟಿನ ಡಬ್ಬದ ಮೇಲೆ ಮಾತ್ರ. ಕ್ಷಣಕಾಲದ ಏರಿಕೆಯನ್ನು ಫ್ಯೂಸ್ ತಡೆದುಕೊಳ್ಳುವುದು ನಿಜ. ಆದರೂ ನೋಡಬೇಕಾದದ್ದು ‘ಮ್ಯಾಕ್ಸ್’ ಸಂಖ್ಯೆಯನ್ನಲ್ಲ, ನಿರಂತರವಾಗಿ ಎಷ್ಟು ಕೊಡಬಲ್ಲದೆಂದು ಹೇಳುವ ಆರ್‌ಎಂಎಸ್ ಸಂಖ್ಯೆಯನ್ನು.

ವೂಫರಿಗೆ ತಲುಪಿದ ವಿದ್ಯುತ್ತಾದರೂ ಶಬ್ದವಾಗುತ್ತದೆಯೇ? ಒಂದು ವಾಟಿಗೆ ಒಂದು ಮೀಟರ್ ದೂರದಲ್ಲಿ 88 ಡೆಸಿಬೆಲ್ ಕೊಡುವ ವೂಫರ್, ತೆಗೆದುಕೊಂಡದ್ದರಲ್ಲಿ ಶೇ. 0.5ಕ್ಕಿಂತಲೂ ಕಡಿಮೆ ಭಾಗವನ್ನು ಶಬ್ದವಾಗಿಸುತ್ತದೆ. ಉಳಿದದ್ದೆಲ್ಲ ವೂಫರಿನೊಳಗಿನ ತಂತಿಸುರುಳಿಯ, ಅಂದರೆ ಕಾಯಿಲಿನ, ಬಿಸಿ. ಕಾಯಿಲ್ ಕಾದಷ್ಟೂ ಅದರ ರೋಧ ಏರಿ, ಅದೇ ಆಂಪಿನಿಂದ ಅದು ಎಳೆದುಕೊಳ್ಳುವ ವಿದ್ಯುತ್ ಇಳಿಯುತ್ತದೆ. ಹಾಡು ಶುರುವಾದಾಗ ಗುದ್ದುತ್ತಿದ್ದ ಬೇಸ್ ಅರ್ಧ ಗಂಟೆಯಲ್ಲಿ ಸಪ್ಪೆಯಾಯಿತು ಎನ್ನುವವರ ದೂರಿಗೆ ಬಹುಪಾಲು ಇದೇ ಕಾರಣ.

ಜೋರಾದ ಬೇಸ್ ಎಂದರೆ ಹೆಚ್ಚು ಗಾಳಿಯನ್ನು ತಳ್ಳುವುದು, ಅಷ್ಟೆ. ವೂಫರಿನ ಮುಂಭಾಗದಲ್ಲಿ ಅಲುಗಾಡುವ ಕೋನಿನ ವಿಸ್ತೀರ್ಣ ಮತ್ತು ಅದು ಮುಂದೆ ಹಿಂದೆ ಚಲಿಸುವ ದೂರ, ಇವೆರಡರ ಗುಣಲಬ್ಧವೇ ಬಂಡವಾಳ. ಬಯಲಿನಲ್ಲಾದರೆ, 80 ಹರ್ಟ್ಜ್‌ನಲ್ಲಿ (ಸೆಕೆಂಡಿಗೆ 80 ಕಂಪನ) ಇರುವಷ್ಟೇ ಒತ್ತಡವನ್ನು 40 ಹರ್ಟ್ಜ್‌ನಲ್ಲಿ ಹುಟ್ಟಿಸಲು ನಾಲ್ಕು ಪಟ್ಟು ಗಾಳಿ ತಳ್ಳಬೇಕು; ಕಾರಿನ ಒಳಗಿನ ಜಾಗ ಕಿರಿದಾಗಿ ಮುಚ್ಚಿಕೊಂಡಿರುವುದರಿಂದ ಈ ಹೊರೆ ಬಹಳಷ್ಟು ತಗ್ಗುತ್ತದೆ. ಈ ಗಾಳಿಯನ್ನು ವೂಫರ್ ಹದವಾಗಿ ತಳ್ಳುತ್ತದೆಯೋ ಇಲ್ಲವೋ ಎಂಬುದನ್ನು ನಿರ್ಧರಿಸುವುದು ಅದನ್ನು ಕೂರಿಸಿದ ಬಾಕ್ಸ್. ಆಸ್ಟ್ರೇಲಿಯಾದ ನೆವಿಲ್ ಥೀಲ್ 1961ರಲ್ಲಿ, ಆಮೇಲೆ ರಿಚರ್ಡ್ ಸ್ಮಾಲ್ 1970ರ ದಶಕದಲ್ಲಿ, ಸ್ಪೀಕರಿನ ಗುಣಗಳಿಂದ ಬಾಕ್ಸಿನ ಅಳತೆಯನ್ನು ಲೆಕ್ಕಹಾಕುವ ವಿಧಾನವನ್ನು ರೂಪಿಸಿಕೊಟ್ಟರು. ಆ ಗುಣಾಂಕಗಳು ವೂಫರಿನ ಜೊತೆ ಬರುವ ಕಾಗದದಲ್ಲಿ ಅಚ್ಚಾಗಿರುತ್ತವೆ. ಗ್ರಾಹಕರು ಮೊದಲು ಎಸೆಯುವುದು ಆ ಕಾಗದವನ್ನೇ.

ಹಾಸನದ ಕಡೆಯ ಹುಡುಗನೊಬ್ಬ ತನ್ನ ಹ್ಯಾಚ್‌ಬ್ಯಾಕ್ ಕಾರಿಗೆ 12 ಇಂಚಿನ ಒಳ್ಳೆಯ ವೂಫರ್ ಹಾಕಿಸಿದ್ದ. ಸಿದ್ಧವಾಗಿ ಸಿಕ್ಕಿದ ಪೋರ್ಟ್ ಬಾಕ್ಸಿನಲ್ಲಿ (ಗಾಳಿ ಆಡಲು ಕೊಳವೆ ಇರುವ ಬಾಕ್ಸ್) ಕೂರಿಸಿ, ಸದ್ದು ಸಾಲದೆಂದು ಆಂಪ್ ಬದಲಿಸಿ, ಹಳೆಯದನ್ನು ಚಿಕ್ಕಪ್ಪನ ಮಗನಿಗೆ ಕೊಟ್ಟುಬಿಟ್ಟಿದ್ದ. ಬಾಕ್ಸಿನ ಒಳಗಾತ್ರ 30 ಲೀಟರಿಗೂ ಕಡಿಮೆ. ಕಾಗದ ಕೇಳುತ್ತಿದ್ದುದು 55 ಲೀಟರ್. ಪೋರ್ಟ್ ಕೂಡ ಗಿಡ್ಡ. ಹೀಗಾಗಿ ಬಾಕ್ಸ್ 60 ಹರ್ಟ್ಜ್ ಆಸುಪಾಸಿನ ಒಂದೇ ಸ್ವರವನ್ನು ಬೊಬ್ಬೆ ಹೊಡೆಯುತ್ತ, ಅದಕ್ಕಿಂತ ಕೆಳಗಿನದನ್ನೆಲ್ಲ ನುಂಗುತ್ತಿತ್ತು. 18 ಮಿ.ಮೀ. ಎಂಡಿಎಫ್ ಹಲಗೆಯಲ್ಲಿ ಹೊಸ ಬಾಕ್ಸ್ ಕಟ್ಟಿ, ಪೋರ್ಟನ್ನು 35 ಹರ್ಟ್ಜ್‌ಗೆ ಹೊಂದಿಸಿ, ಹಳೆಯ ಆಂಪನ್ನೇ ತರಲು ಹೇಳಿದೆ. ತಮ್ಮನನ್ನು ಪುಸಲಾಯಿಸಿ ತಂದ. ಹಾಡು ಹಾಕಿದ ಮೇಲೆ ಅವನು ಹಿಂದಿನ ಸೀಟಿನ ಮೇಲೆ ಕೈಯಿಟ್ಟುಕೊಂಡು ನಿಂತದ್ದು ನೋಡಿ ನಗು ಬಂತು. ‘ಅಣ್ಣಾ, ಹೊಸ ಆಂಪ್ ಯಾರಾದರೂ ತಗೊಳ್ತಾರಾ?’ ಎಂದು ಆಮೇಲೆ ಮೆಲ್ಲಗೆ ಕೇಳಿದ.

ಎಲ್ಲರಿಗೂ ಪೋರ್ಟ್ ಬಾಕ್ಸೇ ಸರಿ ಎಂದು ನಾನು ಹೇಳುತ್ತಿಲ್ಲ. ಪೋರ್ಟ್ ಹೊಂದಿಸಿದ ಕಂಪನಕ್ಕಿಂತ ಕೆಳಗೆ ಕೋನಿಗೆ ಗಾಳಿಯ ಹಿಡಿತ ತಪ್ಪುವುದರಿಂದ, ತೀರಾ ತಗ್ಗಿನ ಸ್ವರಗಳನ್ನು ತಡೆಯುವ ಸಬ್‌ಸಾನಿಕ್ ಫಿಲ್ಟರ್ ಇಲ್ಲದೆ ಜೋರಾಗಿ ನುಡಿಸಿದರೆ ವೂಫರ್ ಹರಿದುಹೋಗಬಹುದು. ಡಿಕ್ಕಿಯಲ್ಲಿ ಸಾಮಾನಿಗೂ ಜಾಗ ಬೇಕೆನ್ನುವ ಸಂಸಾರಸ್ಥರಿಗೆ ಮುಚ್ಚಿದ ಚಿಕ್ಕ ಬಾಕ್ಸೇ ಒಳ್ಳೆಯದು. ಸೆಡಾನ್‌ಗಳಲ್ಲಿ ಹಿಂದಿನ ಸೀಟು ಡಿಕ್ಕಿಯನ್ನು ಬೇರ್ಪಡಿಸುವುದರಿಂದ, ಶಬ್ದ ಒಳಬರಲು ದಾರಿ ಇದೆಯೇ ಎಂದೂ ನೋಡಬೇಕಾಗುತ್ತದೆ.

ದುಡ್ಡು ಬಿಚ್ಚುವ ಮೊದಲು ಒಮ್ಮೆ ವೂಫರಿನ ಪ್ಲಸ್ ಮೈನಸ್ ತಂತಿಗಳನ್ನು ಅದಲುಬದಲು ಮಾಡಿ, ಚಾಲಕನ ಸೀಟಿನಲ್ಲಿ ಕುಳಿತು ಕೇಳಿ. ಬಾಗಿಲಿನ ಸ್ಪೀಕರುಗಳೂ ವೂಫರೂ ಒಂದು ಇನ್ನೊಂದನ್ನು ಅಳಿಸುತ್ತಿದ್ದರೆ, 80 ಹರ್ಟ್ಜ್ ಸುತ್ತಲಿನ ಬೇಸ್ ಈ ಬಿಟ್ಟಿ ಕೆಲಸದಿಂದಲೇ ಮರಳಿ ಬರುತ್ತದೆ. ಆಂಪಿನ ಮೇಲಿನ ಗೇನ್ ತಿರುಪನ್ನು ಮಾತ್ರ ಮುಟ್ಟಬೇಡಿ. ಅದು ವಾಲ್ಯೂಮ್ ಅಲ್ಲ, ಸ್ಟೀರಿಯೋದಿಂದ ಬರುವ ಸಿಗ್ನಲ್‌ಗೆ ಆಂಪನ್ನು ಹೊಂದಿಸುವ ತಿರುಪು. ಮಿತಿಮೀರಿದರೆ ಸಿಗ್ನಲ್ ತಲೆ ಕತ್ತರಿಸಿಕೊಂಡು ಕಾಯಿಲನ್ನು ಸುಡುತ್ತದೆ.

ಇಷ್ಟಾದ ಮೇಲೂ ನಿಜವಾದ 1000 ವಾಟ್ ಬೇಕೇ ಬೇಕೆನ್ನುವವರು, ಅದು ಪೂರ್ತಿ ದುಡಿಯುವಾಗ ಸುಮಾರು 90 ಆಂಪಿಯರ್ ಎಳೆಯುತ್ತದೆಂದು ತಿಳಿದಿರಲಿ. ಎಷ್ಟೋ ಸಣ್ಣ ಕಾರುಗಳಲ್ಲಿ ವಿದ್ಯುತ್ ಉತ್ಪಾದಿಸುವ ಆಲ್ಟರ್ನೇಟರಿನ ಒಟ್ಟು ಸಾಮರ್ಥ್ಯವೇ ಅದರ ಆಸುಪಾಸಿನಲ್ಲಿರುತ್ತದೆ. ಅಂಗಡಿಗೆ ಬರುವಾಗ ಆ ಆಲ್ಟರ್ನೇಟರಿನ ಆಂಪಿಯರ್, ವೂಫರಿನ ಕಾಗದ, ಬಾಕ್ಸಿನ ಒಳಗಿನ ಉದ್ದ, ಅಗಲ, ಎತ್ತರ ಮತ್ತು ಪೋರ್ಟಿನ ಅಳತೆ ಇಷ್ಟನ್ನು ತನ್ನಿ.