ಬೋರ್ಗೆನ್ ನೋಡಿ ಬರೆದುಕೊಂಡದ್ದು: 90 ಎಣಿಸುವುದು ಅಂದರೆ ಏನು?

ರಾಜ್ಯಶಾಸ್ತ್ರ ಓದುತ್ತಿರುವವರಿಗೆ ಈ ಟಿಪ್ಪಣಿ. ಬಹುಮತ ಇಲ್ಲದೆಯೂ ಸರ್ಕಾರ ಹೇಗೆ ನಡೆಯುತ್ತದೆ ಅನ್ನುವುದು ಪುಸ್ತಕದಲ್ಲಿ ಮೂರು ಸಲ ಓದಿದರೂ ತಲೆಗೆ ಹತ್ತಿರಲಿಲ್ಲ, ಡೆನ್ಮಾರ್ಕಿನ ‘ಬೋರ್ಗೆನ್’ ಸರಣಿಯ ಮೊದಲೆರಡು ಕಂತು ನೋಡಿದಾಗ ಹತ್ತಿತು. ಮರೆಯುವ ಮುಂಚೆ ಬರೆದಿಡುತ್ತಿದ್ದೇನೆ.

ಹಿನ್ನೆಲೆ ಇಷ್ಟೇ. ಅಲ್ಲಿನ ಸಾರ್ವಜನಿಕ ವಾಹಿನಿ ಡಿಆರ್‌ನಲ್ಲಿ 2010ರಲ್ಲಿ ಶುರುವಾದ ಸರಣಿ. ಬೋರ್ಗೆನ್ ಅಂದರೆ ಕೋಟೆ. ಸಂಸತ್ತು ಇರುವ ಕ್ರಿಸ್ಟಿಯಾನ್ಸ್‌ಬೋರ್ಗ್ ಅರಮನೆಯನ್ನು ಜನ ಹಾಗೆ ಕರೆಯುತ್ತಾರೆ. ಮಧ್ಯಮ ಪಂಥದ ಪಕ್ಷವೊಂದರ ನಾಯಕಿ ಬಿರ್ಗಿಟ್ಟೆ ನ್ಯೂಬೋರ್ಗ್ ಪ್ರಧಾನಿಯಾಗುವ ಕತೆ. ಆ ದೇಶಕ್ಕೆ ನಿಜವಾಗಿ ಮೊದಲ ಮಹಿಳಾ ಪ್ರಧಾನಿ, ಹೆಲ್ಲೆ ಥಾರ್ನಿಂಗ್-ಶ್ಮಿಟ್, ಬಂದದ್ದು ಮಾರನೇ ವರ್ಷ.

ಈಗ ನಾನು ಎಡವಿದ ಜಾಗ. ಎರಡನೇ ಕಂತಿನ ಹೆಸರೇ ‘90ರವರೆಗೆ ಎಣಿಸು’. ಸಂಸತ್ತಿನಲ್ಲಿ 179 ಸ್ಥಾನ: ಡೆನ್ಮಾರ್ಕಿನಿಂದ 175, ಗ್ರೀನ್‌ಲ್ಯಾಂಡ್ ಮತ್ತು ಫಾರೋ ದ್ವೀಪಗಳಿಂದ ತಲಾ 2. ಅರ್ಧ ದಾಟಬೇಕಾದರೆ 90. ನಮ್ಮ ವಿಧಾನಸಭೆಯ 224ಕ್ಕೆ 113 ಇದ್ದ ಹಾಗೆ ಅಂದುಕೊಂಡೆ. ಅಲ್ಲೇ ತಪ್ಪಿದ್ದು.

2018ರ ಮೇ ತಿಂಗಳು ನೆನಪಿಸಿಕೊಳ್ಳಿ. 104 ಸ್ಥಾನ ಗೆದ್ದ ಬಿಜೆಪಿಯ ಯಡಿಯೂರಪ್ಪ 17ರಂದು ಪ್ರಮಾಣವಚನ ತೆಗೆದುಕೊಂಡರು. 19ರಂದು, ವಿಶ್ವಾಸಮತಕ್ಕೆ ಹಾಕುವ ಮೊದಲೇ ರಾಜೀನಾಮೆ ಕೊಟ್ಟರು. ನಮ್ಮಲ್ಲಿ ‘ನನ್ನ ಹಿಂದೆ ಇಷ್ಟು ಜನ ಇದ್ದಾರೆ’ ಅಂತ ಸದನದಲ್ಲಿ ತೋರಿಸಬೇಕು, ಅಲ್ವಾ? ಡೆನ್ಮಾರ್ಕಿನಲ್ಲಿ ಆ ಪರೀಕ್ಷೆಯೇ ಇಲ್ಲ. 1953ರ ಸಂವಿಧಾನದ 15ನೇ ವಿಧಿ ಕೇಳುವುದು ಇಷ್ಟು: ಸಂಸತ್ತು ಅವಿಶ್ವಾಸ ಸೂಚಿಸಿದ ಮೇಲೆ ಮಂತ್ರಿ ಕುರ್ಚಿಯಲ್ಲಿ ಇರುವ ಹಾಗಿಲ್ಲ. ಹಾಗಾಗಿ ವಿರುದ್ಧ ಬಹುಮತ ಸೇರದಿದ್ದರೆ ಸರ್ಕಾರ ನಡೆಯುತ್ತದೆ. ನಕಾರಾತ್ಮಕ ಸಂಸದೀಯ ಪದ್ಧತಿ ಅನ್ನುವುದು ಇದಕ್ಕೇ.

ಉದಾಹರಣೆಗೆ ನಾನು ಹಾಕಿಕೊಂಡ ಲೆಕ್ಕ ಹೀಗಿದೆ. ಮಂತ್ರಿಮಂಡಲದ ಪಕ್ಷಗಳಿಗೆ 70. ಹೊರಗೆ ಕೂತ ಸಣ್ಣ ಪಕ್ಷಗಳಿಗೆ 25. ವಿರೋಧಿಗಳಿಗೆ 84. ಆ 25 ಜನ ಬೇಕಾದ ಮಸೂದೆಗೆ ಬೇಡ ಅನ್ನಬಹುದು, ಬೈಯಬಹುದು. ಸರ್ಕಾರ ಬೀಳಿಸಲು 84ರ ಜೊತೆ ಸೇರದಿದ್ದರೆ ಸಾಕು. ಪ್ರತಿ ಪಕ್ಷದ ಮುಂದೆ ಒಂದೇ ಪ್ರಶ್ನೆ ಬರೆದುಕೊಳ್ಳಿ: ‘ಇವರು ಬೀಳಿಸ್ತಾರಾ?’ ಇಲ್ಲ ಅಂದವರನ್ನೆಲ್ಲ ಕೂಡಿಸಿ, 90 ಮುಟ್ಟಿತಾ ನೋಡಿ. ಅಲ್ಲಿ ಅಲ್ಪಮತದ ಸರ್ಕಾರಗಳೇ ಯಾಕೆ ಜಾಸ್ತಿ ಅನ್ನುವುದಕ್ಕೂ ಇದೇ ಉತ್ತರ.

ಇದು ನನಗೆ ಹೊಳೆದದ್ದು ಸಂಭಾಷಣೆಯಿಂದಲ್ಲ, ನ್ಯೂಬೋರ್ಗ್ ಪಾತ್ರ ಮಾಡಿದ ಸೀಸೆ ಬಾಬೆಟ್ ಕ್ನುಡ್ಸೆನ್ ಅವರ ಮುಖದಿಂದ. ಎಂಥ ನಟಿ! ಮೊದಲ ಕಂತಿನ ಕೊನೆಯ ಟಿವಿ ಚರ್ಚೆಯಲ್ಲಿ ನ್ಯೂಬೋರ್ಗ್ ಸಿದ್ಧ ಭಾಷಣ ಬಿಟ್ಟು ತನ್ನದೇ ಮಾತು ಆಡುತ್ತಾಳೆ. ದನಿ ಏರಿಸುವುದಿಲ್ಲ. ಪಕ್ಕದ ಮನೆಯವರ ಜೊತೆ ಮಾತಾಡಿದಂತೆ ಶುರು ಮಾಡುತ್ತಾಳೆ, ನಮಗೂ ಉಸಿರು ಬಿಗಿಯಾಗುತ್ತದೆ. ಮಾತುಕತೆಯ ಮೇಜಿನಲ್ಲಿ ಇನ್ನೂ ಚೆನ್ನ. ಎದುರಿನವರು ಕೇಳಿದ್ದಕ್ಕೆ ಕ್ನುಡ್ಸೆನ್ ನಗುತ್ತಾ ತಲೆಯಾಡಿಸುತ್ತಾರೆ, ಕಣ್ಣು ಮಾತ್ರ ಲೆಕ್ಕ ಹಾಕುತ್ತಿರುತ್ತದೆ. ಅವಳಿಗೆ ಎಣಿಸುವುದನ್ನು ಕಲಿಸುವ ಹಿರಿಯ ಬೆಂಟ್ ಪಾತ್ರದಲ್ಲಿ ಲಾರ್ಸ್ ಕ್ನುಟ್ಸೋನ್ ಇದ್ದಾರೆ. ಅವರ ನಿಧಾನವೂ ಅಷ್ಟೇ ಸೊಗಸು.

ಎರಡನೇ ಕಂತನ್ನು ಇನ್ನೊಂದು ಸಲ ಸಬ್‌ಟೈಟಲ್ ಆಫ್ ಮಾಡಿ ನೋಡಿ. ಡ್ಯಾನಿಶ್ ಒಂದಕ್ಷರ ಬರದಿದ್ದರೂ, ಲೆಕ್ಕ ಎಲ್ಲಿ ಕೂಡಿತು, ಎಲ್ಲಿ ಕೈತಪ್ಪಿತು ಅನ್ನುವುದು ಕ್ನುಡ್ಸೆನ್ ಅವರ ಮುಖದಲ್ಲೇ ಗೊತ್ತಾಗುತ್ತದೆ.