ಕೂದಲಿಗೂ ಮುಖಕ್ಕೂ ಪಿಆರ್‌ಪಿ: ಸಿರಿಂಜಿನಲ್ಲಿ ಏನಿರುತ್ತದೆ, ಅದು ಎಲ್ಲಿಂದ ಬಂತು

ಕಾಸರಗೋಡಿನವರಿಗೆ ಪ್ಲೇಟ್‌ಲೆಟ್ ಪರಿಚಯವಾದದ್ದು ಡೆಂಗ್ಯೂವಿನಿಂದ. ಮಳೆಗಾಲದಲ್ಲಿ ಅಡಿಕೆ ತೋಟದಲ್ಲಿ ಬಿದ್ದ ಹಾಳೆಯಲ್ಲಿ, ರಬ್ಬರ್ ಮರಕ್ಕೆ ಕಟ್ಟಿದ ಚಿಪ್ಪಿನಲ್ಲಿ ನೀರು ನಿಲ್ಲುತ್ತದೆ, ಸೊಳ್ಳೆ ಹೆಚ್ಚುತ್ತದೆ. ಬದಿಯಡ್ಕ, ಪೆರ್ಲ, ಕುಂಬಳೆಯ ಕಡೆ ಜ್ವರ ಬಂದವರ ಮನೆಗೆ ಫೋನು ಮಾಡುವವರು ಮೊದಲು ವಿಚಾರಿಸುವುದೇ ‘ಕೌಂಟ್ ಎಷ್ಟುಂಟು’ ಎಂದು. ಅದೇ ಕಣಗಳ ಹೆಸರು ಈಗ ಚರ್ಮದ ಕ್ಲಿನಿಕ್ಕುಗಳ ಬೋರ್ಡಿನಲ್ಲಿದೆ. ಕಾಞಂಗಾಡಿನಿಂದ ಉಪ್ಪಳದವರೆಗೆ, ಗಡಿಯ ತಲಪಾಡಿ ದಾಟಿದರೆ ಮಂಗಳೂರಿನಲ್ಲಿ ಇನ್ನೂ ಹೆಚ್ಚಾಗಿ, ಉದುರುವ ಕೂದಲಿಗೂ ಮುಖದ ಕಾಂತಿಗೂ ಪಿಆರ್‌ಪಿ, ಅಂದರೆ ಪ್ಲೇಟ್‌ಲೆಟ್ ರಿಚ್ ಪ್ಲಾಸ್ಮಾ ಮಾಡುತ್ತಾರೆ. ರೋಗಿಯ ತೋಳಿನಿಂದ ರಕ್ತ ತೆಗೆದು, ಯಂತ್ರದಲ್ಲಿ ತಿರುಗಿಸಿ, ಪ್ಲೇಟ್‌ಲೆಟ್ ತುಂಬಿದ ಪ್ಲಾಸ್ಮಾವನ್ನು (ರಕ್ತದ ಹಳದಿ ದ್ರವಭಾಗವನ್ನು) ಬೇರ್ಪಡಿಸಿ ಅದೇ ರೋಗಿಯ ತಲೆಗೆ ಅಥವಾ ಮುಖಕ್ಕೆ ಚುಚ್ಚುವ ಚಿಕಿತ್ಸೆ ಇದು.

‘ನಿಮ್ಮದೇ ರಕ್ತ, ಅಡ್ಡಪರಿಣಾಮ ಇಲ್ಲ’ ಎಂಬ ಜಾಹೀರಾತಿನ ಮಾತಿನಲ್ಲಿ ಅರ್ಧ ಸತ್ಯವಿದೆ. ಉಳಿದರ್ಧ ಏನೆಂದರೆ, ಈ ಔಷಧಿಯನ್ನು ಯಾವ ಕಂಪನಿಯೂ ತಯಾರಿಸಿ ಕಳುಹಿಸುವುದಿಲ್ಲ. ಅದು ತಯಾರಾಗುವುದು ಕ್ಲಿನಿಕ್ಕಿನ ಪಕ್ಕದ ಕೋಣೆಯಲ್ಲಿ, ರೋಗಿ ಕುರ್ಚಿಯಲ್ಲಿ ಕಾಯುತ್ತಿರುವಾಗ. ಶೀಶೆಯ ಮೇಲೆ ಇಷ್ಟು ಮಿಲಿಗ್ರಾಂ ಎಂದು ಬರೆದಿರುವುದಿಲ್ಲ. ಒಬ್ಬರಿಗೆ ಫಲ ಸಿಕ್ಕಿ ಇನ್ನೊಬ್ಬರಿಗೆ ಏನೂ ಆಗದಿರುವುದಕ್ಕೆ ದೊಡ್ಡ ಕಾರಣ ಇಲ್ಲಿದೆ. ಹೀಗಾದದ್ದು ಏಕೆಂದು ತಿಳಿಯಬೇಕಾದರೆ ಈ ಚಿಕಿತ್ಸೆ ನಡೆದು ಬಂದ ದಾರಿಯನ್ನು ನೋಡಬೇಕು.

ಪ್ಲೇಟ್‌ಲೆಟ್ ರಕ್ತದ ಪ್ರತ್ಯೇಕ ಕಣವೆಂದೂ ರಕ್ತ ಹೆಪ್ಪುಗಟ್ಟುವುದರಲ್ಲಿ ಅದಕ್ಕೆ ಪಾತ್ರವಿದೆಯೆಂದೂ 1882ರಲ್ಲಿ ತೋರಿಸಿದವರು ಇಟಲಿಯ ಜೂಲಿಯೊ ಬಿಟ್ಸೊಜೆರೊ. ಸುಮಾರು ತೊಂಬತ್ತು ವರ್ಷ ಅದು ರಕ್ತಸ್ರಾವ ನಿಲ್ಲಿಸುವ ಕಣವಾಗಿಯೇ ಉಳಿಯಿತು. 1974ರಲ್ಲಿ ಅಮೆರಿಕದ ರಸೆಲ್ ರಾಸ್ ಮತ್ತು ಸಂಗಡಿಗರು ಪ್ರಯೋಗಾಲಯದಲ್ಲಿ ಬೆಳೆಸಿದ ರಕ್ತನಾಳದ ಸ್ನಾಯುಕೋಶಗಳಲ್ಲಿ ಹೊಸ ಸಂಗತಿಯೊಂದನ್ನು ಕಂಡರು. ಹೆಪ್ಪುಗಟ್ಟಿದ ರಕ್ತದಿಂದ ಬೇರ್ಪಡುವ ತಿಳಿ ದ್ರವ, ಅಂದರೆ ಸೀರಮ್ ಹಾಕಿದರೆ ಕೋಶಗಳು ವೃದ್ಧಿಸುತ್ತಿದ್ದವು. ಪ್ಲೇಟ್‌ಲೆಟ್ ತೆಗೆದ ಪ್ಲಾಸ್ಮಾದ ಸೀರಮ್ ಹಾಕಿದರೆ ಹಾಗಾಗುತ್ತಿರಲಿಲ್ಲ. ಪ್ಲೇಟ್‌ಲೆಟ್ಟಿನೊಳಗಿನ ಆಲ್ಫಾ ಕಣಿಕೆಗಳಲ್ಲಿ ಬೆಳವಣಿಗೆಯ ಅಂಶಗಳು, ಅಂದರೆ ಗ್ರೋತ್ ಫ್ಯಾಕ್ಟರ್‌ಗಳು ಇವೆಯೆಂಬ ತಿಳಿವು ಹೀಗೆ ಬಲಗೊಂಡಿತು.

ಆಮೇಲೆ ಅದನ್ನು ಮೊದಲು ಹಿಡಿದುಕೊಂಡವರು ಚರ್ಮವೈದ್ಯರಲ್ಲ. 1986ರಲ್ಲಿ ಡೇವಿಡ್ ನೈಟನ್ ತಂಡ ವಾಸಿಯಾಗದ ಹಳೆಯ ಹುಣ್ಣುಗಳಿಗೆ ರೋಗಿಯದೇ ಪ್ಲೇಟ್‌ಲೆಟ್ ಸಾರ ಹಚ್ಚಿತು. 1987ರಲ್ಲಿ ಇಟಲಿಯಲ್ಲಿ ತೆರೆದ ಹೃದಯದ ಶಸ್ತ್ರಚಿಕಿತ್ಸೆಗೆ, ಬೇರೆಯವರ ರಕ್ತ ಕೊಡುವುದನ್ನು ಕಡಿಮೆ ಮಾಡಲು ರೋಗಿಯದೇ ಪಿಆರ್‌ಪಿ ಬಳಸಿದರು. 1998ರಲ್ಲಿ ರಾಬರ್ಟ್ ಮಾರ್ಕ್ಸ್ ದವಡೆಯ ಮೂಳೆ ಕಸಿಗೆ ಅದನ್ನು ಬಳಸಿ ಮೂಳೆ ಬೇಗ ಬಲಿಯುತ್ತದೆಂದು ವರದಿ ಮಾಡಿದ ಮೇಲೆ ದಂತವೈದ್ಯಲೋಕ ಅತ್ತ ತಿರುಗಿತು. ಇಂದಿಗೂ ಎಲ್ಲರೂ ಉಲ್ಲೇಖಿಸುವ ಅಳತೆ ಅವರದೇ: ಒಂದು ಮೈಕ್ರೊಲೀಟರಿನಲ್ಲಿ (ಮಿ.ಲೀ.ನ ಸಾವಿರದ ಒಂದು ಪಾಲಿನಲ್ಲಿ) 10 ಲಕ್ಷ ಪ್ಲೇಟ್‌ಲೆಟ್. ಆರೋಗ್ಯವಂತರ ರಕ್ತದಲ್ಲಿ ಇರುವುದು 1.5ರಿಂದ 4.5 ಲಕ್ಷ. ಅದು ಮೂಳೆಯ ಕೆಲಸಕ್ಕೆ ಹೇಳಿದ ಅಳತೆ ಎನ್ನುವುದು ಮಾತ್ರ ಮರೆತೇಹೋಯಿತು.

ಕ್ರೀಡಾಪಟುಗಳ ಮೊಣಕಾಲು, ಮೊಣಕೈ ನೋವಿಗೆ ಇದು ಹಬ್ಬಿದ ವೇಗಕ್ಕೆ ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆ 2010ರಲ್ಲಿ ಸ್ನಾಯುವಿಗೆ ಚುಚ್ಚುವ ಪಿಆರ್‌ಪಿಯನ್ನು ನಿಷೇಧಿಸಿತು. ಕಸುವು ಹೆಚ್ಚುವುದಕ್ಕೆ ಪುರಾವೆ ಕಾಣದೆ 2011ರಲ್ಲಿ ನಿಷೇಧ ತೆಗೆಯಿತು. ಕೂದಲಿನ ಕಡೆಗೆ ತಿರುವು ಸಿಕ್ಕಿದ್ದು 2006ರಲ್ಲಿ. ಬ್ರೆಜಿಲಿನ ಕಾರ್ಲೋಸ್ ಊಬೆಲ್ ತಂಡ 20 ಗಂಡಸರ ತಲೆಯಲ್ಲಿ ಕಸಿ ಮಾಡುವಾಗ ಒಂದು ಬದಿಯ ಕೂದಲಿನ ಬುಡಗಳನ್ನು ಪ್ಲೇಟ್‌ಲೆಟ್ ಪ್ಲಾಸ್ಮಾದಲ್ಲಿ ಅದ್ದಿ ನೆಟ್ಟಿತು. ಆ ಬದಿಯಲ್ಲಿ ಸುಮಾರು 15 ಶೇಕಡಾ ಹೆಚ್ಚು ಬುಡಗಳು ಉಳಿದವು. ಕಸಿಯೇ ಇಲ್ಲದೆ ಬರೀ ಚುಚ್ಚಿದರೆ ಹೇಗೆ ಎಂಬ ಪ್ರಶ್ನೆ ಬಂದದ್ದು ಅದರ ಬೆನ್ನಿಗೆ. 2013ರಲ್ಲಿ ಅಮೆರಿಕದ ಟಿವಿ ತಾರೆ ಕಿಮ್ ಕರ್ದಾಶಿಯಾನ್ ರಕ್ತ ಮೆತ್ತಿದ ಮುಖದ ಫೋಟೊ ಹಾಕಿದ ಮೇಲೆ ಮುಖಕ್ಕೆ ಮಾಡುವ ಪಿಆರ್‌ಪಿ ‘ವ್ಯಾಂಪೈರ್ ಫೇಶಿಯಲ್’ ಎಂದು ಮನೆಮಾತಾಯಿತು.

ಹೀಗೆ ಹುಣ್ಣಿನವರು, ಹೃದಯದವರು, ಹಲ್ಲಿನವರು, ಮೂಳೆಯವರು, ಚರ್ಮದವರು ತಂತಮ್ಮ ವಿಧಾನದಲ್ಲಿ ಮಾಡಿಕೊಂಡು ಬಂದ ತಯಾರಿಕೆಗಳಿಗೆಲ್ಲ ಒಂದೇ ಹೆಸರು ಉಳಿಯಿತು. 2009ರಲ್ಲಿ ಬಿಳಿ ರಕ್ತಕಣ ಇದೆಯೇ ಇಲ್ಲವೇ, ರಕ್ತವನ್ನು ಹೆಪ್ಪುಗಟ್ಟಿಸುವ ಫೈಬ್ರಿನ್ ನೂಲಿನ ಬಲೆ ದಟ್ಟವೇ ತೆಳುವೇ ಎಂದು ನೋಡಿ ನಾಲ್ಕು ವರ್ಗ ಮಾಡಿದರು. ನಮ್ಮ ದೇಶದ ಚರ್ಮವೈದ್ಯರ ಸಂಘ ಕಾರ್ಯಪಡೆ ನೇಮಿಸಿ 2021ರಲ್ಲಿ ಶಿಫಾರಸು ಪ್ರಕಟಿಸಿತು. ಅದನ್ನು ಪಾಲಿಸುವ ಕ್ಲಿನಿಕ್ಕೂ ಇದೆ, ಪಾಲಿಸದ್ದೂ ಇದೆ.

ಕೊಳವೆಯಿಂದ ಸಿರಿಂಜಿಗೆ

ಮೊದಲು ನೋಡಬೇಕಾದದ್ದು ರಕ್ತ ತೆಗೆಯುವ ಕೊಳವೆಯ ಮುಚ್ಚಳದ ಬಣ್ಣ. ಹಳದಿ ಮುಚ್ಚಳದ್ದರಲ್ಲಿ ಎಸಿಡಿ, ನೀಲಿಯದ್ದರಲ್ಲಿ ಸೋಡಿಯಂ ಸಿಟ್ರೇಟ್ ಇರುತ್ತದೆ. ಎರಡೂ ರಕ್ತ ಹೆಪ್ಪುಗಟ್ಟದಂತೆ ತಡೆದು ಪ್ಲೇಟ್‌ಲೆಟ್ಟನ್ನು ಹಾಳುಮಾಡದೆ ಇಡುತ್ತವೆ. ನೇರಳೆ ಮುಚ್ಚಳದ್ದರಲ್ಲಿ ಹೆಪ್ಪು ತಡೆಯುವ ಇನ್ನೊಂದು ವಸ್ತು ಇಡಿಟಿಎ, ಡೆಂಗ್ಯೂ ಸಮಯದಲ್ಲಿ ಲ್ಯಾಬಿನವರು ಕೌಂಟ್ ನೋಡಲು ಬಳಸುವಂಥದ್ದು. ಎಣಿಸುವುದಕ್ಕೆ ಅದು ಸರಿ. ಆದರೆ ಅದರಲ್ಲಿ ಪ್ಲೇಟ್‌ಲೆಟ್ ಊದಿಕೊಂಡು ರೂಪ ಕೆಡುತ್ತದೆ, ಹಾಗಾಗಿ ಪಿಆರ್‌ಪಿಗೆ ಹೇಳಿದ್ದಲ್ಲ. ಅಗ್ಗವೆಂದು ಅದನ್ನೇ ಬಳಸುವ ಕಡೆ ಅಲ್ಲಿಂದಲೇ ಎದ್ದು ಬರಬಹುದು. ಸೂಜಿ ತೀರಾ ಸಣ್ಣದಾಗಿ ರಕ್ತ ತಡೆತಡೆದು ಬಂದರೂ ಪ್ಲೇಟ್‌ಲೆಟ್‌ಗಳು ಕೊಳವೆಯಲ್ಲೇ ಅಂಟಿಕೊಂಡು ಒಳಗಿನದ್ದನ್ನು ಅಲ್ಲೇ ಬಿಟ್ಟುಬಿಡುತ್ತವೆ.

ಆಮೇಲೆ ಸೆಂಟ್ರಿಫ್ಯೂಜ್, ಅಂದರೆ ಕೊಳವೆಯನ್ನು ಜೋರಾಗಿ ತಿರುಗಿಸುವ ಯಂತ್ರ. ಎರಡು ಸಲ ತಿರುಗಿಸುವ ಕ್ರಮದಲ್ಲಿ ಮೊದಲನೆಯದು ಮೆತ್ತಗೆ: ಕೆಂಪು ಕಣ ತಳಕ್ಕೆ ಇಳಿಯುತ್ತದೆ, ಅದರ ಮೇಲೆ ಹಾಲಿನ ಕೆನೆಯಂತೆ ಬಿಳಿ ಕಣಗಳ ತೆಳ್ಳನೆ ಪದರ, ಅದಕ್ಕೂ ಮೇಲೆ ಹಳದಿ ಪ್ಲಾಸ್ಮಾ. ಆ ಪ್ಲಾಸ್ಮಾವನ್ನು ಪದರದ ಹತ್ತಿರದವರೆಗೂ ಎಳೆದು ಬೇರೆ ಕೊಳವೆಗೆ ಹಾಕಿ ಎರಡನೇ ಸಲ ಜೋರಾಗಿ ತಿರುಗಿಸಿದರೆ ಪ್ಲೇಟ್‌ಲೆಟ್ ತಳ ಸೇರುತ್ತದೆ. ಮೇಲಿನ ಮೂರನೇ ಎರಡು ಪಾಲು ತೆಗೆದು, ಉಳಿದದ್ದನ್ನು ಮೆಲ್ಲನೆ ಅಲುಗಿಸಿ ಬೆರೆಸಿದರೆ ಪಿಆರ್‌ಪಿ.

ಹೆಚ್ಚು ತಪ್ಪಾಗುವುದು ವೇಗದಲ್ಲಿ. ‘1500 ಆರ್‌ಪಿಎಂ (ನಿಮಿಷಕ್ಕೆ 1500 ಸುತ್ತು), ಹತ್ತು ನಿಮಿಷ’ ಎಂದು ಒಬ್ಬರು ಇನ್ನೊಬ್ಬರಿಗೆ ಹೇಳಿಕೊಟ್ಟರೆ ಸಾಲದು. ಕಣವನ್ನು ತಳಕ್ಕೆ ತಳ್ಳುವ ಬಲ ಸುತ್ತಿನ ಸಂಖ್ಯೆಯ ಜೊತೆಗೆ ಯಂತ್ರದ ತೋಳಿನ ಉದ್ದವನ್ನೂ ಹೊಂದಿಕೊಂಡಿದೆ. ತೋಳು 10 ಸೆಂ.ಮೀ. ಇದ್ದರೆ 1500 ಸುತ್ತಿಗೆ ಗುರುತ್ವದ ಸುಮಾರು 250 ಪಟ್ಟು ಬಲ, 15 ಸೆಂ.ಮೀ. ಇದ್ದರೆ ಸುಮಾರು 377 ಪಟ್ಟು. ಮೊದಲ ಸುತ್ತಿನಲ್ಲಿ ಬಲ ಮಿತಿಮೀರಿದರೆ ಪ್ಲೇಟ್‌ಲೆಟ್ ಕೆಂಪು ಕಣದ ಜೊತೆಗೇ ತಳಕ್ಕೆ ಹೋಗುತ್ತದೆ, ಸಿರಿಂಜಿಗೆ ಬರುವುದು ಬರೀ ಪ್ಲಾಸ್ಮಾ. ನೋಡಲು ಅದೂ ಚಂದದ ಹಳದಿಯೇ, ರೋಗಿಗೆ ವ್ಯತ್ಯಾಸ ತಿಳಿಯದು. ನಿಲ್ಲಿಸುವಾಗ ಬ್ರೇಕ್ ಹಾಕಿದರೆ ಪದರಗಳು ಕಲಕುತ್ತವೆ. ನಡುವೆ ಕರೆಂಟು ಹೋದರೆ ಲೆಕ್ಕವೇ ತಪ್ಪುತ್ತದೆ. ಎದುರು ಬದಿಯಲ್ಲಿ ಅಷ್ಟೇ ತೂಕದ ಕೊಳವೆ ಇಡದಿದ್ದರೆ ಯಂತ್ರ ಅದುರುತ್ತದೆ. ಕೋಣೆಯ ಬಿಸಿಯೂ ಲೆಕ್ಕಕ್ಕೆ ಬರುತ್ತದೆ. 20–22 ಡಿಗ್ರಿ ಒಳ್ಳೆಯದು, ಕರಾವಳಿಯ ಏಪ್ರಿಲಿನಲ್ಲಿ ಎಸಿ ಇಲ್ಲದ ಕೋಣೆಯಲ್ಲಿ ಅದು ಸಿಗುವಂಥದ್ದಲ್ಲ. ಕೊನೆಗೆ ಸಿರಿಂಜಿನಲ್ಲಿ ಢಾಳಾದ ಕೆಂಪು ಕಂಡರೆ ಕೆಂಪು ಕಣ ಸೇರಿದೆ ಎಂದೇ ಅರ್ಥ. ಉರಿ, ನೋವು ಹೆಚ್ಚು.

ಈಗ ಲೆಕ್ಕ ಮಾಡಿ ನೋಡೋಣ. ಕೌಂಟ್ 2 ಲಕ್ಷ ಇರುವವರಿಂದ 20 ಮಿ.ಲೀ. ರಕ್ತ ತೆಗೆದರೆ ಅದರಲ್ಲಿ ಒಟ್ಟು 400 ಕೋಟಿ ಪ್ಲೇಟ್‌ಲೆಟ್. ತಯಾರಿಯಲ್ಲಿ 60 ಶೇಕಡಾ ಕೈಗೆ ಸಿಕ್ಕಿತೆಂದರೂ 240 ಕೋಟಿ. ಅದನ್ನು 2 ಮಿ.ಲೀ.ಗೆ ಇಳಿಸಿದರೆ ಮೈಕ್ರೊಲೀಟರಿಗೆ 12 ಲಕ್ಷ. ಕೂದಲಿಗೆ ಶಿಫಾರಸಾದ 10ರಿಂದ 15 ಲಕ್ಷದ ಒಳಗೆ ಬಂತು. ಇದೇ ವ್ಯಕ್ತಿಯಿಂದ 10 ಮಿ.ಲೀ. ಮಾತ್ರ ತೆಗೆದು, ಒಂದೇ ಸಲ ತಿರುಗಿಸಿ, ತಲೆಗೆಲ್ಲ ಸಾಲಬೇಕೆಂದು 4 ಮಿ.ಲೀ. ಎಳೆದುಕೊಂಡರೆ, ಅದೇ 60 ಶೇಕಡಾ ಸಿಕ್ಕಿತೆಂದರೂ 3 ಲಕ್ಷ. ಮೈಯಲ್ಲಿ ಹರಿಯುವ ರಕ್ತಕ್ಕಿಂತ ಒಂದೂವರೆ ಪಟ್ಟು, ಅಷ್ಟೇ. ಎರಡಕ್ಕೂ ಬಿಲ್ಲಿನಲ್ಲಿ ಬರೆಯುವುದು ಪಿಆರ್‌ಪಿ ಎಂದೇ. ಒಂದು ಸಣ್ಣ ಕೊಳವೆಯ ರಕ್ತದಿಂದ ಇಡೀ ತಲೆಗೆ ಚಿಕಿತ್ಸೆ ಎನ್ನುವವರ ಲೆಕ್ಕ ಕೂಡುವುದಿಲ್ಲ. ತಯಾರಾದದ್ದರ ಒಂದು ಹನಿಯನ್ನು ಲ್ಯಾಬಿನ ಯಂತ್ರಕ್ಕೆ ಕೊಟ್ಟು ಕೌಂಟ್ ನೋಡುವುದು ಕಷ್ಟದ ಕೆಲಸವಲ್ಲ. ಕೇಳುವ ಹಕ್ಕು ದುಡ್ಡು ಕೊಡುವವರಿಗೆ ಇದೆ.

ಚುಚ್ಚುವುದು ಇನ್ಸುಲಿನ್ ಸಿರಿಂಜಿನಂಥ ಸಪೂರ ಸೂಜಿಯಲ್ಲಿ, ಒಂದೊಂದು ಸೆಂಟಿಮೀಟರ್ ಅಂತರಕ್ಕೆ 0.05ರಿಂದ 0.1 ಮಿ.ಲೀ. ಹಣೆಯ ನರಗಳಿಗೆ ಮರಗಟ್ಟಿಸುವ ಲಿಗ್ನೊಕೇನ್ ಕೊಟ್ಟರೆ ಅಥವಾ ಐಸ್ ಒತ್ತಿದರೆ ನೋವು ಕಡಿಮೆ. ಹಿಂದಿನ ಒಂದು ವಾರ ಆಸ್ಪಿರಿನ್, ಐಬುಪ್ರೊಫೇನ್ ಬೇಡ, ಅವು ಪ್ಲೇಟ್‌ಲೆಟ್ಟಿನ ಕೆಲಸವನ್ನೇ ತಡೆಯುತ್ತವೆ. ಹೃದಯಕ್ಕೆಂದು ಆಸ್ಪಿರಿನ್ ತೆಗೆದುಕೊಳ್ಳುವವರು ಮಾತ್ರ ಹೃದಯದ ವೈದ್ಯರನ್ನು ಕೇಳದೆ ನಿಲ್ಲಿಸಬಾರದು. ಆಮೇಲೆ ನೋವಾದರೆ ಪ್ಯಾರಸಿಟಮಾಲ್ ಸಾಕು. ಆ ದಿನ ತಲೆಗೆ ಎಣ್ಣೆ, ಹೆಲ್ಮೆಟ್, ಬಿಸಿಲಿನ ಕೆಲಸ ಬೇಡ. ಮರುದಿನ ಹಣೆ, ಕಣ್ಣಿನ ರೆಪ್ಪೆ ಸ್ವಲ್ಪ ಬಾತರೆ ಗಾಬರಿ ಬೇಡ, ತಾನಾಗಿ ಇಳಿಯುತ್ತದೆ.

ಯಾರ ಕೂದಲಿಗೆ?

ಡೆಂಗ್ಯೂ, ಟೈಫಾಯಿಡ್, ಹೆರಿಗೆ, ದೊಡ್ಡ ಆಪರೇಶನ್ ಇವುಗಳ ಎರಡು ಮೂರು ತಿಂಗಳ ನಂತರ ಬಾಚಣಿಗೆ ತುಂಬ ಕೂದಲು ಬರುವುದುಂಟು. ಜ್ವರದ ಹೊಡೆತಕ್ಕೆ ಬೆಳೆಯುತ್ತಿದ್ದ ಕೂದಲುಗಳು ಒಟ್ಟಿಗೇ ವಿಶ್ರಾಂತಿಗೆ ಹೋಗಿ, ಆ ಅವಧಿ ಮುಗಿದಾಗ ಒಟ್ಟಿಗೇ ಉದುರುತ್ತವೆ. ಬುಡ ಸತ್ತಿರುವುದಿಲ್ಲ. ಹೆಚ್ಚಿನವರಿಗೆ ಆರು ತಿಂಗಳೊಳಗೆ ತಾನಾಗಿ ನಿಲ್ಲುತ್ತದೆ. ಈ ಹೊತ್ತಿನಲ್ಲಿ ಪಿಆರ್‌ಪಿ ಮಾಡಿಸಿದರೆ ಹೇಗೂ ಬರಲಿದ್ದ ಕೂದಲಿನ ಶ್ರೇಯಸ್ಸು ಅದಕ್ಕೆ ಹೋಗುತ್ತದೆ, ದುಡ್ಡು ರೋಗಿಯದ್ದು ಹೋಗುತ್ತದೆ. ಜುಲೈಯಲ್ಲಿ ಜ್ವರ ಬಂದವರು ಅಕ್ಟೋಬರಿನಲ್ಲಿ ಕ್ಲಿನಿಕ್ಕಿಗೆ ಬಂದಾಗ, ಯಂತ್ರ ಹಚ್ಚುವ ಮೊದಲು ಜ್ವರದ ವಿಚಾರ ಕೇಳಬೇಕಾದದ್ದು ವೈದ್ಯರ ಕರ್ತವ್ಯ. ಹಿಮೋಗ್ಲೋಬಿನ್, ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಅಳತೆ), ಥೈರಾಯ್ಡ್ ಮೂರನ್ನು ನೋಡದೆ ಹೆಂಗಸರ ಕೂದಲಿಗೆ ಸೂಜಿ ಮುಟ್ಟಿಸಬಾರದು.

ಪಿಆರ್‌ಪಿಗೆ ಸ್ವಲ್ಪ ಗಟ್ಟಿಯಾದ ಆಧಾರ ಇರುವುದು ವಂಶವಾಹಿಯಾಗಿ ಬರುವ ಕೂದಲು ತೆಳುವಾಗುವಿಕೆಗೆ, ಅದೂ ಆರಂಭದ ಹಂತದಲ್ಲಿ. ಬುಡ ಇನ್ನೂ ಜೀವಂತವಿದ್ದು ಕೂದಲು ನವಿರಾಗಿದ್ದರೆ ದಪ್ಪವಾಗಬಹುದು. ನುಣ್ಣಗೆ ಹೊಳೆಯುವ ನೆತ್ತಿಯಲ್ಲಿ ಏನೂ ಹುಟ್ಟದು. ಕೂದಲನ್ನು ಕಿರಿದಾಗಿಸುವ ಡಿಎಚ್‌ಟಿ ಹಾರ್ಮೋನನ್ನು ಪಿಆರ್‌ಪಿ ತಡೆಯುವುದಿಲ್ಲ. ಆ ಕೆಲಸಕ್ಕೆ 1997ರಿಂದ ಫಿನಾಸ್ಟರೈಡ್ ಇದೆ, ಬೆಳವಣಿಗೆಗೆ 1988ರಿಂದ ಮಿನಾಕ್ಸಿಡಿಲ್ ಇದೆ. ಅವುಗಳ ಜೊತೆಗೆ ಇದು ಪೂರಕ, ಅವುಗಳ ಬದಲಿಗೆ ಅಲ್ಲ. ತಿಂಗಳಿಗೊಂದರಂತೆ ಮೂರು ಸಲ, ಆಮೇಲೆ ಮೂರರಿಂದ ಆರು ತಿಂಗಳಿಗೊಮ್ಮೆ ಮುಂದುವರಿಸಬೇಕು. ಬಿಟ್ಟರೆ ನಿಧಾನಕ್ಕೆ ಹಿಂದಿನ ಸ್ಥಿತಿಗೇ.

ಮುಖದ ವಿಚಾರದಲ್ಲಿ ಆಧಾರ ಇನ್ನೂ ತೆಳು. 2018ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗವೊಂದರಲ್ಲಿ ಒಂದು ಕೆನ್ನೆಗೆ ಪಿಆರ್‌ಪಿ, ಇನ್ನೊಂದಕ್ಕೆ ಉಪ್ಪುನೀರು ಚುಚ್ಚಿದರು. ಆರು ತಿಂಗಳ ನಂತರ ಪಿಆರ್‌ಪಿಯ ಬದಿ ನಯವಾಗಿದೆ ಎಂದು ಚಿಕಿತ್ಸೆ ಪಡೆದವರು ಹೇಳಿದರು. ಯಾವ ಬದಿಗೆ ಯಾವುದೆಂದು ತಿಳಿಯದೆ ನೋಡಿದ ವೈದ್ಯರಿಗೆ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಮೊಡವೆಯ ಗುಳಿಗಳಿಗೆ ಮೈಕ್ರೊನೀಡ್ಲಿಂಗ್ (ಸಣ್ಣ ಸೂಜಿಗಳಿಂದ ಚರ್ಮವನ್ನು ಚುಚ್ಚುವುದು) ಜೊತೆ ಮಾಡಿದರೆ ಲಾಭವಿದೆ, ಅದರಲ್ಲಿ ದೊಡ್ಡ ಪಾಲು ಸೂಜಿಯದೇ.

ನಮ್ಮದೇ ರಕ್ತ ಎಂಬ ಭರವಸೆ

ಈ ಭರವಸೆ ನಿಲ್ಲುವುದು ಅದು ನಿಜಕ್ಕೂ ನಮ್ಮದೇ ರಕ್ತವಾಗಿದ್ದರೆ ಮಾತ್ರ. ಅಮೆರಿಕದ ನ್ಯೂ ಮೆಕ್ಸಿಕೊದ ಪರವಾನಗಿ ಇಲ್ಲದ ಸ್ಪಾ ಒಂದರಲ್ಲಿ ‘ವ್ಯಾಂಪೈರ್ ಫೇಶಿಯಲ್’ ಮಾಡಿಸಿದ ಮಹಿಳೆಗೆ 2018ರಲ್ಲಿ ಎಚ್‌ಐವಿ ಪತ್ತೆಯಾಯಿತು. ತನಿಖೆಗೆ ಹೋದವರಿಗೆ ಅಡುಗೆಯ ಫ್ರಿಜ್ಜಿನಲ್ಲಿ ಆಹಾರದ ಜೊತೆ ಹೆಸರಿಲ್ಲದ ರಕ್ತದ ಕೊಳವೆಗಳು ಸಿಕ್ಕಿದವು. ಮೂವರು ಗ್ರಾಹಕರಿಗೆ ಅಲ್ಲಿಂದಲೇ ಸೋಂಕು ತಗಲಿರುವ ಸಾಧ್ಯತೆ ಹೆಚ್ಚೆಂದು ಆ ದೇಶದ ರೋಗ ನಿಯಂತ್ರಣ ಕೇಂದ್ರ 2024ರ ಏಪ್ರಿಲಿನಲ್ಲಿ ವರದಿ ಮಾಡಿತು. ಕೊಳವೆಗೆ ನಮ್ಮೆದುರೇ ಹೆಸರು ಬರೆಯಬೇಕು, ಸೂಜಿಯ ಪೊಟ್ಟಣ ನಮ್ಮೆದುರೇ ಒಡೆಯಬೇಕು. ಹುಬ್ಬುಗಳ ನಡುವೆ ಚುಚ್ಚುವಾಗ ರಕ್ತನಾಳಕ್ಕೆ ಹೊಕ್ಕು ಕಣ್ಣೇ ಹೋದ ಪ್ರಕರಣಗಳೂ ವೈದ್ಯಪತ್ರಿಕೆಗಳಲ್ಲಿವೆ. ಅಪರೂಪ, ಆದರೆ ಸರಿಪಡಿಸಲಾಗದ್ದು. ಬ್ಯೂಟಿ ಪಾರ್ಲರಿನಲ್ಲಿ ಇದನ್ನು ಮಾಡಿಸಲೇಬಾರದು. ಕೇರಳದಲ್ಲಿ ಕ್ಲಿನಿಕ್ಕುಗಳ ನೋಂದಣಿಗೆ 2018ರ ಕಾನೂನಿದೆ, ತಲಪಾಡಿಯಾಚೆ ಕರ್ನಾಟಕದ 2007ರ ಕಾನೂನು. ನೋಂದಣಿ ಪತ್ರ, ವೈದ್ಯರ ಹೆಸರು, ಡಿಗ್ರಿ ನೋಡಿಯೇ ಒಳಗೆ ಕಾಲಿಡಬೇಕು. ಪ್ಲೇಟ್‌ಲೆಟ್ 1 ಲಕ್ಷಕ್ಕಿಂತ ಕಡಿಮೆ ಇರುವವರಿಗೆ, ರಕ್ತದ ಕ್ಯಾನ್ಸರ್ ಇರುವವರಿಗೆ, ಚುಚ್ಚುವ ಜಾಗದಲ್ಲಿ ಕೀವು ಇರುವವರಿಗೆ ಈ ಚಿಕಿತ್ಸೆ ಇಲ್ಲ. ಗರ್ಭಿಣಿಯರು ಮುಂದೂಡುವುದೇ ಸರಿ.

ಈ ಜಿಲ್ಲೆಯಲ್ಲಿ ಪಿಆರ್‌ಪಿಗೆ ಬರುವವರಲ್ಲಿ ಗಲ್ಫಿನಿಂದ ರಜೆಗೆ ಬಂದ ಹುಡುಗರು ಬಹಳ. ಅಲ್ಲಿನ ನೀರಿಗೆ ಕೂದಲು ಹೋಯಿತೆನ್ನುತ್ತಾರೆ. ಹೆಚ್ಚಿನವರದ್ದು ತಂದೆ, ಸೋದರಮಾವನ ಕಡೆಯಿಂದ ಬಂದದ್ದು. ನಲವತ್ತು ದಿನದ ರಜೆಯಲ್ಲಿ ಮೂರು ಸಲದ ಚಿಕಿತ್ಸೆ ಮುಗಿಯುವುದಿಲ್ಲ, ಮೊದಲ ಮತ್ತು ಮೂರನೆಯದರ ನಡುವೆ ಎಂಟು ವಾರ ಬೇಕು. ಹತ್ತು ಹದಿನೈದು ದಿನಕ್ಕೊಂದರಂತೆ ಮೂರನ್ನೂ ತುರುಕುವುದರಿಂದ ಫಲ ಬೇಗ ಬರುವುದಿಲ್ಲ. ಎರಡನ್ನು ಇಲ್ಲಿ ಮಾಡಿಸಿ ಮೂರನೆಯದ್ದನ್ನು ಅಲ್ಲಿ ಮಾಡಿಸುವುದಾದರೆ ಕ್ಲಿನಿಕ್ಕಿನಿಂದ ಚೀಟಿ ಬರೆಸಿಕೊಂಡು ಹೋಗಬೇಕು: ಎಷ್ಟು ರಕ್ತ, ಯಾವ ಕೊಳವೆ, ಎಷ್ಟು ಬಲದಲ್ಲಿ ಎಷ್ಟು ನಿಮಿಷ, ರಕ್ತದ ಕೌಂಟ್ ಎಷ್ಟು, ತಯಾರಾದದ್ದರ ಕೌಂಟ್ ಎಷ್ಟು, ಎಷ್ಟು ಮಿ.ಲೀ. ಚುಚ್ಚಿದ್ದು. ಮೊದಲ ದಿನದ ಫೋಟೊವನ್ನೂ ಆಮೇಲಿನವನ್ನೂ ಒಂದೇ ಬೆಳಕಿನಲ್ಲಿ, ಒಂದೇ ಬೈತಲೆಯಲ್ಲಿ ತೆಗೆದಿರಲಿ. ಮದುವೆಗೆಂದು ಮಾಡಿಸುವವರು ಕೂದಲಿಗಾದರೆ ಆರು ತಿಂಗಳು ಮೊದಲೇ ಶುರುಮಾಡಬೇಕು, ಮುಖದ ಕೊನೆಯ ಸೂಜಿ ಮದುವೆಗೆ ಎರಡು ವಾರ ಇರುವಾಗಲೇ ಮುಗಿದಿರಬೇಕು.