ಮೋಷನ್ ಸೀಟಿಗೆ ಆಕ್ಚುಯೇಟರ್: ಮೊದಲು ವೇಗದ ಲೆಕ್ಕ

ಮನೆಯಲ್ಲೇ ರೇಸಿಂಗ್ ಸಿಮ್ಯುಲೇಟರ್ ಸೀಟ್ (ಆಟದ ಕಾರಿನಂತೆ ಅಲುಗಾಡುವ ಸೀಟು) ಮಾಡಲು ಹೊರಟವರು ಸಾಮಾನ್ಯವಾಗಿ ಮೊದಲು ಕೇಳುವುದು, "ಈ ಆಕ್ಚುಯೇಟರ್ ಎಷ್ಟು ಕೆಜಿ ಎತ್ತುತ್ತೆ?" ಅಂತ. ಆಕ್ಚುಯೇಟರ್ ಅಂದರೆ ಸೀಟನ್ನು ತಳ್ಳಿ ಎಳೆದು ಅಲುಗಾಡಿಸುವ ಮೋಟಾರ್ ಜೋಡಣೆ. ನಾನೂ ಅಲ್ಲಿಂದಲೇ ಶುರು ಮಾಡಿದ್ದೆ. ಲೆಕ್ಕ ಹಾಕುತ್ತಾ ಹೋದಂತೆ ಗೊತ್ತಾಯಿತು: ಭಾರ ಎತ್ತುವುದು ಸುಲಭ, ಬೇಗ ಎತ್ತುವುದೇ ಕಷ್ಟ.

ರಿಕ್ಲೈನರ್ ಕುರ್ಚಿಯಲ್ಲಿ ಬರುವಂಥ ಲೀನಿಯರ್ ಆಕ್ಚುಯೇಟರ್ ತೆಗೆದುಕೊಳ್ಳಿ. 100 ಕೆಜಿ ಆರಾಮಾಗಿ ಎತ್ತುತ್ತದೆ. ಆದರೆ ವೇಗ ಸೆಕೆಂಡಿಗೆ 20 ಮಿ.ಮೀ. ಇದ್ದರೆ, 100 ಮಿ.ಮೀ. ಏರಲು 5 ಸೆಕೆಂಡ್ ಬೇಕು. ಅಷ್ಟರಲ್ಲಿ ಕಾರು ತಿರುವು ದಾಟಿ ಹೋಗಿರುತ್ತದೆ, ಅಲ್ವಾ? ಅದೂ ಅಲ್ಲದೆ ಸ್ವಲ್ಪ ಹೊತ್ತು ಓಡಿ, ಜಾಸ್ತಿ ಹೊತ್ತು ತಣ್ಣಗಾಗುವ ಕೆಲಸಕ್ಕೆ ಮಾಡಿದ್ದು ಅದು. ನಮ್ಮ ಸೀಟು ಗಂಟೆಗಟ್ಟಲೆ ಬಿಡುವಿಲ್ಲದೆ ಆಡಬೇಕು.

ಹಾಗಾದರೆ ಎಷ್ಟು ವೇಗ ಬೇಕು? ರಸ್ತೆಯ ಉಬ್ಬುತಗ್ಗಿಗೆ ಸೀಟು ಮೇಲೆ 10, ಕೆಳಗೆ 10 ಮಿ.ಮೀ. ಅಂತೆ ಸೆಕೆಂಡಿಗೆ 5 ಸಲ ಕುಲುಕಬೇಕು ಎಂದುಕೊಳ್ಳಿ. ಗರಿಷ್ಠ ವೇಗದ ಸೂತ್ರ 2 × ಪೈ × 5 × 10. ಉತ್ತರ ಸೆಕೆಂಡಿಗೆ ಸುಮಾರು 314 ಮಿ.ಮೀ. ಇದೇ ಚಲನೆಯ ಗರಿಷ್ಠ ವೇಗೋತ್ಕರ್ಷ ಹೆಚ್ಚುಕಡಿಮೆ 1 ಜಿ (ಭೂಮಿಯ ಗುರುತ್ವದಷ್ಟು). ಅಂದರೆ ಆ ಕ್ಷಣಕ್ಕೆ ಆಕ್ಚುಯೇಟರ್ ಮೇಲಿನ ಭಾರ ಎರಡರಷ್ಟಾಗುತ್ತದೆ. ಕೂತವರು, ಸೀಟು, ಫ್ರೇಮ್ ಸೇರಿ 120 ಕೆಜಿ ಇದ್ದರೆ, ನಾಲ್ಕು ಮೂಲೆಗೆ ತಲಾ 30. ಎರಡರಷ್ಟಾದರೆ 60. ಭಾರ ಎಂದೂ ಸಮನಾಗಿ ಹಂಚಿಕೆಯಾಗುವುದಿಲ್ಲ, ಹಾಗಾಗಿ ಮೂಲೆಗೆ 100 ಕೆಜಿ ಹಿಡಿಯಿರಿ.

ಈಗ ಬಾಲ್ ಸ್ಕ್ರೂ (ತಿರುಗುವಿಕೆಯನ್ನು ನೇರ ಚಲನೆಯಾಗಿಸುವ, ನಟ್‌ನೊಳಗೆ ಗುಂಡುಗಳಿರುವ ಸ್ಕ್ರೂ) ಮತ್ತು 750 ವ್ಯಾಟ್ ಸರ್ವೋ ಮೋಟಾರ್ (ಹೇಳಿದ ಸ್ಥಾನಕ್ಕೆ ನಿಖರವಾಗಿ ತಿರುಗುವ ಮೋಟಾರ್) ನೋಡೋಣ. ನಿಮಿಷಕ್ಕೆ 3000 ಸುತ್ತು, ಟಾರ್ಕ್ (ತಿರುಗಿಸುವ ಬಲ) ಸುಮಾರು 2.4 ನ್ಯೂಟನ್ ಮೀಟರ್. ಸ್ಕ್ರೂ ಒಂದು ಸುತ್ತಿಗೆ 5 ಮಿ.ಮೀ. ಸರಿಯುವಂಥದ್ದಾದರೆ ಸುಮಾರು 275 ಕೆಜಿ ಎತ್ತುವ ಬಲ, ವೇಗ ಸೆಕೆಂಡಿಗೆ 250 ಮಿ.ಮೀ. ಒಂದು ಸುತ್ತಿಗೆ 10 ಮಿ.ಮೀ. ಸರಿಯುವಂಥದ್ದಾದರೆ ಬಲ ಅರ್ಧ, ವೇಗ 500 ಮಿ.ಮೀ. ನಮಗೆ ಬೇಕಿದ್ದದ್ದು 314. ನೋಡಿ, ಜಾಸ್ತಿ ಬಲ ಇರುವ ಸ್ಕ್ರೂ ಇಲ್ಲಿ ಸೋಲುತ್ತದೆ! ರೋಟರ್ (ಮೋಟಾರಿನೊಳಗೆ ತಿರುಗುವ ಭಾಗ) ಮತ್ತು ಸ್ಕ್ರೂವನ್ನು ಜೋರಾಗಿ ತಿರುಗಿಸಲೂ ಒಂದಿಷ್ಟು ಟಾರ್ಕ್ ಖರ್ಚಾಗುತ್ತದೆ. ಆದರೆ ಇಂಥ ಸರ್ವೋಗಳು ಸಾಮಾನ್ಯವಾಗಿ ಸ್ವಲ್ಪ ಹೊತ್ತಿಗೆ ಮೂರು ಪಟ್ಟು ಟಾರ್ಕ್ ಕೊಡುತ್ತವೆ, ಆ ಕೊರತೆ ಅಲ್ಲಿ ತುಂಬುತ್ತದೆ.

ಕಡಿಮೆ ಖರ್ಚಿನಲ್ಲಿ ಕಲಿಯಲು ಕಾರಿನ ವೈಪರ್ ಮೋಟಾರ್ ಒಳ್ಳೆಯ ಆರಂಭ. ಪೂರ್ತಿ ಫ್ರೇಮ್ ಬಿಟ್ಟು, ಸೀಟನ್ನಷ್ಟೇ ಒಂದು ಯೂನಿವರ್ಸಲ್ ಜಾಯಿಂಟ್ (ಹಿಂದೆಮುಂದೆ, ಅಕ್ಕಪಕ್ಕ ವಾಲುವ ಕೀಲು) ಮೇಲೆ ಕೂರಿಸಿ ಎರಡು ಮೋಟಾರ್‌ಗಳಿಂದ ವಾಲಿಸಿ. ಸ್ಥಾನ ತಿಳಿಯಲು ಪೊಟೆನ್ಷಿಯೋಮೀಟರ್ (ತಿರುಗಿದಂತೆ ವಿದ್ಯುತ್ ರೋಧ ಬದಲಾಗುವ ಬಿಡಿಭಾಗ) ಜೋಡಿಸಬೇಕು. ಆದರೆ ಗೇರಿನ ಸಡಿಲು ಕೈಗೆ ಗೊತ್ತಾಗುತ್ತದೆ, ಬಲವೂ ಕಡಿಮೆಯೇ. ಗಾಳಿ ಸಿಲಿಂಡರ್ ಬೇಡ. ಗಾಳಿ ಒತ್ತಿದರೆ ಕುಗ್ಗುತ್ತದೆ, ಹೇಳಿದ ಜಾಗದಲ್ಲಿ ನಿಲ್ಲಿಸುವುದು ಕಷ್ಟ.

ಇನ್ನೊಂದು ವಿಷಯ ತಪ್ಪಿಸಬೇಡಿ. ಎಣ್ಣೆ ಹಾಕಿದ ಬಾಲ್ ಸ್ಕ್ರೂವನ್ನು ನೆಟ್ಟಗೆ ಹಿಡಿದರೆ, ಬಿಗಿ ಇಲ್ಲದ ನಟ್ ತನ್ನ ಭಾರಕ್ಕೇ ಗಿರ್ರನೆ ತಿರುಗುತ್ತಾ ಕೆಳಗಿಳಿಯುತ್ತದೆ. ಕರೆಂಟ್ ಹೋದಾಗ ಸೀಟಿಗೂ ಇದೇ ಆಗುತ್ತದೆ, ಮೇಲೆ ನೀವು ಕೂತಿರುತ್ತೀರಿ. ಬ್ರೇಕ್ ಇರುವ ಮೋಟಾರ್ ಆರಿಸಿ, ಇಲ್ಲವೇ ಕೆಳಗೆ ರಬ್ಬರ್ ತಡೆ ಹಾಕಿ. ಎಮರ್ಜೆನ್ಸಿ ಸ್ವಿಚ್ ಕೂತಲ್ಲಿಂದಲೇ ಕೈಗೆ ಎಟುಕಬೇಕು.